ಒಂಬತ್ತನೆಯ ಎಳೆ

ಎದುರಿನ ಓಣಿಯಲ್ಲಿ ಒಂದು ಮಗ್ಗ ತಾಳ ತಪ್ಪಿದೆ, ಖಟಕ್ ಖಟಕ್ ಎನ್ನಬೇಕಾದದ್ದು ಖಟಕ್ ಖಡಾ, ಖಟಕ್ ಖಡಾ ಎನ್ನುತ್ತಿದೆ, ಲಾಳಿ ಹೊಡೆಯುವ ಪಟ್ಟಿ ಸಡಿಲಾಗಿರಬೇಕು, ಇನ್ನೊಂದು ತಾಸು ಹೀಗೇ ಓಡಿದರೆ ಲಾಳಿ ಹಾರಿ ಯಾರದಾದರೂ ಹಣೆ ಒಡೆದೀತು — ಬೇರೆ ದಿನವಾಗಿದ್ದರೆ ಮಿಸ್ತ್ರಿ ಪ್ರಭುಲಿಂಗ ನಟ್ಟು ತಿರುವುವ ಪಾನಾ ಹಿಡಿದು ಎದ್ದೇ ಬಿಡುತ್ತಿದ್ದ, ಕರೆಯಲಿ ಬಿಡಲಿ, ಮೂವತ್ತೈದು ವರ್ಷ ಬನಹಟ್ಟಿಯ ಪಾವರ್‌ಲೂಮುಗಳ ಕೆಮ್ಮು ಸೀನು ಕೇಳಿದ ಕಿವಿ ಇದು, ಯಾವ ಮನೆಯ ಯಾವ ಮಗ್ಗ ಎಂದು ಕಣ್ಣು ಮುಚ್ಚಿ ಹೇಳೀತು, ಆದರೆ ಇವತ್ತು ಏಳಲಾರ, ಇವತ್ತು ಬುಧವಾರ, ಎಳೆ ಬರುವ ದಿನ, ಒಂಬತ್ತನೆಯ ಎಳೆ, ಅವನು ಮಗ್ಗದ ಮನೆಯ ಬಾಗಿಲ ಕಟ್ಟೆಯ ಮೇಲೆ ಕುಳಿತು ಎರಡೂ ಮೊಣಕಾಲು ಕುಣಿಸುತ್ತಿದ್ದಾನೆ, ಒಳಗೆ, ಅಡ್ಡ ಕಟ್ಟಿದ ಹಳೆಯ ಸೀರೆಯ ಆಚೆ, ಹೆಂಡತಿ ಶಿವಗಂಗವ್ವ ಕುಪ್ಪಸ ಬಿಚ್ಚಿ ತನ್ನ ಎಡ ಎದೆಯ ಗಡ್ಡೆಗೆ ದಾರ ಸುತ್ತಿ ಅಳೆಯುತ್ತಿದ್ದಾಳೆ. ಎಷ್ಟು ಹೊತ್ತು ಇವತ್ತು. ಬಳೆ ಸಪ್ಪಳ ಬಂತು, ನಿಂತಿತು, ಮತ್ತೆ ಬಂತು. ಆತೇನಬೇ, ಎಂದು ಕೂಗಿದ. ತಡೀರಿ, ಅವಸರಾ ಮಾಡಿದ್ರ ಎಳಿ ಜಾರತೈತಿ, ಎಂದಿತು ಸೀರೆಯ ಆಚೆಯ ದನಿ. ತಡೆದ. ತಡೆಯುವುದು ಅವನ ಜಾತಕದಲ್ಲೇ ಇಲ್ಲ, ಆದರೂ ತಡೆದ, ಗೋಡೆಯ ಮೊಳೆಗೆ ತೂಗುತ್ತಿರುವ ಹಿಂದಿನ ಎಂಟು ಎಳೆಗಳನ್ನು ನೋಡುತ್ತ ತಡೆದ, ವಾರಕ್ಕೊಂದು, ಮೊದಲನೆಯದು ಪಂಚಮಿ ಮುಗಿದ ವಾರದ್ದು, ಒಂದು ಗೇಣಿಗೆ ನಾಲ್ಕು ಬೆರಳು ಕಮ್ಮಿ, ಎರಡನೆಯದು ಅದಕ್ಕಿಂತ ಒಂದು ಗೋದಿಕಾಳಿನಷ್ಟು ಗಿಡ್ಡ, ಮೂರನೆಯದು ಮತ್ತೊಂದು ಕಾಳು, ಹೀಗೆ ಇಳಿಯುತ್ತ ಇಳಿಯುತ್ತ ಎಂಟನೆಯದು ಮೊದಲನೆಯದಕ್ಕಿಂತ ಒಂದೂವರೆ ಬೆರಳು ಗಿಡ್ಡ, ಗಾಳಿ ಬಂದಾಗ ಎಂಟೂ ಒಟ್ಟಿಗೆ ಅಲ್ಲಾಡುತ್ತವೆ, ಮನೆ ಹೊಕ್ಕ ಕೇಡು ಒಂದೊಂದೇ ಮೆಟ್ಟಿಲು ಇಳಿದು ಬೀದಿಗೆ ಹೊರಟಂತೆ. ಟೇಪು ಹಿಡಿದು ಅಳೀರಿ ಎಂದಿದ್ದಳು ಮಗಳು ಮಧುಮತಿ. ಟೇಪು ಯಾರು ಮಾಡಿದ್ದೋ, ಎಲ್ಲಿ ಮಾಡಿದ್ದೋ, ಎಳೆ ಹಾಗಲ್ಲ, ನೇಕಾರರ ಮನೆಯಲ್ಲಿ ಕೂಸಿನ ಸೊಂಟಕ್ಕೆ, ಕಿಟಕಿಯ ಅಗಲಕ್ಕೆ, ಊದಿದ ಕಾಲಿಗೆ, ಎಲ್ಲಕ್ಕೂ ಎಳೆಯೇ ಅಳತೆ, ಅಪ್ಪ ಅಳೆದದ್ದು ಎಳೆಯಿಂದ, ಅಜ್ಜ ಅಳೆದದ್ದು ಎಳೆಯಿಂದ, ಎಳೆ ಸುಳ್ಳು ಹೇಳುವುದಿಲ್ಲ.

ಮತ್ತು ಅವನೇ ಕಟ್ಟಿದ ಪೆಟ್ಟಿಗೆ — ನಾಲ್ಕು ಮಗ್ಗ ಇದ್ದ ಮನೆಯಲ್ಲಿ ಈಗ ಎರಡೇ, ಉಳಿದ ಜಾಗವೆಲ್ಲ ಅದರದು, ಆಳೆತ್ತರದ ಸಾಗವಾನಿ ಪೆಟ್ಟಿಗೆ, ಅಪ್ಪನ ಕೈಮಗ್ಗ ಬಿಚ್ಚಿದ ಕಟ್ಟಿಗೆ, ಸುತ್ತಲೂ ಸುಟ್ಟ ಮೋಟರುಗಳಿಂದ ಬಿಡಿಸಿದ ತಾಮ್ರದ ತಂತಿ, ಮುನ್ನೂರ ಅರವತ್ತು ಸುತ್ತು, ಒಂದೊಂದು ಸುತ್ತನ್ನೂ ಎಣಿಸಿ ಹಾಕಿದ್ದು, ಒಳಗೆ ಶಿವಗಂಗವ್ವ ದಿನಾ ಕೂಡುವ ಹಲಗೆ, ಹಲಗೆಯ ಕೆಳಗೆ ಅರ್ಧ ಎಚ್‌ಪಿ ಮೋಟರು, ನೆತ್ತಿಯ ಮೇಲೆ ನೀಲಿ ಬಲ್ಬು, ಸ್ವಿಚ್ಚು ಒತ್ತಿದರೆ ಹಲಗೆ ನಿಮಿಷಕ್ಕೆ ನೂರಾ ಐವತ್ತೆರಡು ಸಲ ನಡುಗುತ್ತದೆ, ಯಾಕೆ ನೂರಾ ಐವತ್ತೆರಡು, ಶಿವಗಂಗವ್ವನ ನಾಡಿ ಎಪ್ಪತ್ತಾರು, ಅದರ ದುಪ್ಪಟ್ಟು ನೂರಾ ಐವತ್ತೆರಡು, ಅವರ ಮೊದಲ ಮಗ್ಗ ಓಡುತ್ತಿದ್ದ ವೇಗವೂ ಅದೇ, ಆ ಮಗ್ಗದ ಸಪ್ಪಳದಲ್ಲೇ ಅವಳು ಬಾಣಂತನ ಮಾಡಿದ್ದು, ಆ ಸಪ್ಪಳದಲ್ಲೇ ಮಧುಮತಿ ಮಲಗಿದ್ದು, ದೇಹಕ್ಕೆ ತನ್ನ ತಾಳ ಗೊತ್ತಿರುತ್ತದೆ, ತಾಳ ಮರೆತಾಗ ಗಡ್ಡೆ ಏಳುತ್ತದೆ, ಮರೆತದ್ದನ್ನು ನೆನಪು ಮಾಡಿಕೊಟ್ಟರೆ ಕರಗುತ್ತದೆ — ಇಷ್ಟು ಸರಳ, ಇಷ್ಟು ಸರಳವಾದದ್ದು ಯಾರಿಗೂ ಹೊಳೆಯಲಿಲ್ಲವಲ್ಲ. ಚಹಾದಂಗಡಿಯಲ್ಲಿ ವೀರಣ್ಣ ಚುಚ್ಚಿದ್ದ, ಮಿಸ್ತ್ರಿ, ನನ್ನ ಹೆಂಡತಿ ಬಾಯಿ ಸಣ್ಣದಾಗೂವಂಥಾದೊಂದು ಮಾಡಿಕೊಡೋ, ಎಂದು, ಅಂಗಡಿಯೆಲ್ಲ ನಕ್ಕಿತು, ಪ್ರಭುಲಿಂಗನೂ ನಕ್ಕ, ನಗಲಿ, ಎಂಟು ಎಳೆ ಮೊಳೆಗೆ ತೂಗುತ್ತಿರುವಾಗ ಯಾರು ನಕ್ಕರೇನು, ಪೆಟ್ಟಿಗೆಯ ಹಣೆಗೆ ಅವನೇ ಕುಂಚ ಹಿಡಿದು ಬರೆದಿದ್ದಾನೆ, ಶಿವಗಂಗಾ ಯಂತ್ರ, ಗಂಗಾದ ಗ ಸ್ವಲ್ಪ ಸೊಟ್ಟಗಾಗಿದೆ, ಇರಲಿ.

ಬೆಳಗಾವಿಯ ದವಾಖಾನೆಯಲ್ಲಿ ಹೆಣ್ಣು ಡಾಕ್ಟರು, ಡಾಕ್ಟರ್ ಬಾಯಿ, ಮೆತ್ತಗೆ ಹೇಳಿದ್ದಳು, ಕ್ಯಾನ್ಸರ್ ಐತಿ, ಆದರ ಇನ್ನೂ ಹಬ್ಬಿಲ್ಲ, ಈಗ ತಗದ್ರ ಛಲೋ ಆಗೂ ಸಾಧ್ಯತೆ ಭಾಳ ಐತಿ, ತಡಾ ಮಾಡಬ್ಯಾಡ್ರಿ. ಅವನಿಗೆ ಕೇಳಿಸಿದ್ದು ತಗದ್ರ ಎನ್ನುವ ಮಾತೊಂದೇ. ತೆಗೆಯುವುದು ಅಂದರೆ ಕೊಯ್ಯುವುದು. ಮನೆಗೆ ಬಂದವನು ಮಗ್ಗದ ಮನೆಯಲ್ಲಿ ಕುಳಿತುಬಿಟ್ಟ, ಮಗ್ಗ ಓಡಿಸಲಿಲ್ಲ, ರೊಟ್ಟಿ ಮುರಿಯಲಿಲ್ಲ, ಹನ್ನೊಂದು ದಿನ, ಅವಳೇ ಊಟದ ಗಂಗಾಳ ಮುಂದಿಟ್ಟು ಅವಳೇ ಎತ್ತಿಕೊಂಡು ಹೋದಳು, ರೋಗ ಅವಳಿಗೆ, ಪಥ್ಯ ಇವನಿಗೆ ಎಂದರು ಓಣಿಯ ಹೆಂಗಸರು. ಹನ್ನೆರಡನೆಯ ದಿನ ಕೈಯಲ್ಲಿ ಮೊಬೈಲು, ಸುಮ್ಮನೆ ಬೆರಳಾಡಿಸುತ್ತಿದ್ದಾಗ — ಅಲ್ಲಿಂದ ಶುರುವಾಯಿತು, ಒಂದರ ಹಿಂದೆ ಒಂದು, ಬಾಗಿಲ ಹಿಂದೆ ಬಾಗಿಲು ತೆರೆದಂತೆ. ಅಮೆರಿಕದಲ್ಲಿ ಒಬ್ಬ ರೈತನ ಕುದುರೆಯ ಕಾಲಿಗೆ ಗಡ್ಡೆ ಎದ್ದಿತ್ತಂತೆ, ಸಾಯುವುದೇ ಆದರೆ ಸಾಯಲಿ ಎಂದು ಹೊಲಕ್ಕೆ ಬಿಟ್ಟರಂತೆ, ಕುದುರೆ ಒಂದೇ ಮೂಲೆಯ ಕಳೆ ಮೇದು ಮೇದು ಗಡ್ಡೆ ಒಣಗಿ ಉದುರಿತಂತೆ, ಆ ಕಳೆಯ ಕಷಾಯ ಮಾಡಿ ರೈತನ ಮರಿಮಗ ಊರೂರಿಗೆ ದವಾಖಾನೆ ತೆರೆದ, ಸರಕಾರ ಮುಚ್ಚಿಸಿತು, ಮತ್ತೆ ತೆರೆದ, ಮತ್ತೆ ಮುಚ್ಚಿಸಿತು. ಇನ್ನೊಬ್ಬ, ಒಳ್ಳೆ ಓದಿದ ಡಾಕ್ಟರೇ, ಒಂದು ಪೆಟ್ಟಿಗೆ ಮಾಡಿ ಬಾಡಿಗೆಗೆ ಕೊಡುತ್ತಿದ್ದ, ಒಳಗೆ ತೆರೆದು ನೋಡಬಾರದು ಎಂದು ಕರಾರು. ಮತ್ತೊಬ್ಬ ಪ್ರತಿ ರೋಗಾಣುವಿಗೂ ಅದರದೇ ಒಂದು ಕಂಪನ ಇದೆ, ಆ ಕಂಪನ ಹಿಡಿದರೆ ಸಿಡಿದು ಸಾಯುತ್ತದೆ ಎಂದ. ಮಗದೊಬ್ಬ ಒಂದು ಪದರ ಕಟ್ಟಿಗೆ ಒಂದು ಪದರ ತಗಡು ಹಾಕಿ ಕುಳಿತುಕೊಳ್ಳುವ ಪೆಟ್ಟಿಗೆ ಮಾಡಿದ, ಕೋರ್ಟಿನ ಹುಕುಂ ಬಂತು, ಕೊಡಲಿ ತಂದು ಒಡೆದರು, ಅವನು ಜೈಲಿನಲ್ಲೇ ಸತ್ತ. ಬರೀ ದ್ರಾಕ್ಷಿ ತಿನ್ನಿರಿ ಎಂದ ಹೆಣ್ಣುಮಗಳು, ಜರ್ದಾಳು ಎಂಬ ಹಣ್ಣಿನ ಬೀಜದ ಕಹಿ ತಿರುಳಿಗಾಗಿ ದೇಶದ ಗಡಿ ದಾಟಿದ ಸಾವಿರಾರು ಜನ — ಒಂದು ನೂರು ವರ್ಷದ ಜಾತ್ರೆ, ಅವನು ಒಬ್ಬೊಬ್ಬರನ್ನೂ ನೋಟುಬುಕ್ಕಿನಲ್ಲಿ ಬರೆದ, ಕಣ್ಣಲ್ಲಿ ನೀರು ತಂದುಕೊಂಡು ಬರೆದ, ನನ್ನಂಥವರು, ಪಾನಾ ಹಿಡಿದವರು, ನಕ್ಕವರ ನಡುವೆ ನಿಂತವರು. ಮಧುಮತಿ ಆ ನೋಟುಬುಕ್ಕು ಪೂರ್ತಿ ಓದಿದಳು, ಓದಿ ಮುಚ್ಚಿ, ಅಪ್ಪಾ, ಇದರಾಗ ಔಷಧಾ ಮಾಡಿದವರ ಹೆಸರೆಲ್ಲಾ ಬರದೀದಿ, ತಗೊಂಡವರು ಏನಾದರು ಅಂತ ಒಂದು ಸಾಲರ ಬರೀಬೇಕಿತ್ತಲ್ಲ, ಎಂದಳು. ಅವಳದು ಮೊದಲಿನಿಂದಲೂ ಹಾಗೇ, ಹಿಟ್ಟಿನಲ್ಲಿ ಹರಳು ಹುಡುಕುವ ಸ್ವಭಾವ, ಮಹಾಲಿಂಗಪುರದ ಗಂಡನ ಮನೆಯಲ್ಲೂ ಹಾಗೇ ಇರುತ್ತಾಳೋ ಏನೋ ಪಾಪ ಆ ಅಳಿಯ.

ಸೀರೆ ಸರಿಯಿತು, ಮೊದಲು ಬಳೆಯ ಕೈ, ಕೈಯಲ್ಲಿ ಎಳೆ. ಅವನು ಎದ್ದು ಕಸಿದುಕೊಂಡ, ಮೊಳೆಯ ಹತ್ತಿರ ಒಯ್ದ, ಎಂಟನೆಯದರ ತಲೆಗೆ ತಲೆ ಕೂಡಿಸಿ ಕೆಳಕ್ಕೆ ಬೆರಳು ಜಾರಿಸಿದ — ಜಾರಿಸುವಾಗ ಉಸಿರೇ ಇಲ್ಲ, ಮಗ್ಗದ ಸಪ್ಪಳವಿಲ್ಲ, ಓಣಿಯಿಲ್ಲ — ಗಿಡ್ಡ, ಗಿಡ್ಡ, ಜೋಳದ ಕಾಳಿನಷ್ಟು, ಅಲ್ಲ, ಅದಕ್ಕೂ ತುಸು ಹೆಚ್ಚೇ ಗಿಡ್ಡ. ನೋಡಿದೇನ, ಎಂದ, ಇಳದೈತಿ ಗಂಗವ್ವಾ, ಮತ್ತ ಇಳದೈತಿ. ಅವಳು ಕುಪ್ಪಸದ ಗುಂಡಿ ಹಾಕುತ್ತ ಎದೆಯ ಮೇಲೆ ಸೆರಗು ಎಳೆದುಕೊಂಡು ಹೂಂ ಎಂದಳು, ಹಣೆಯಲ್ಲಿ ಬೆವರು, ತುಸು ದಣಿದ ಹಾಗಿದ್ದಾಳೆ, ಇರಬಹುದು, ಗಡ್ಡೆ ಕರಗುವಾಗ ದಣಿವು ಆಗುತ್ತದೆ, ಅದನ್ನೂ ಎಲ್ಲೋ ಓದಿದ್ದಾನೆ. ನಿನಗ ಖುಷಿ ಆಗಲಿಲ್ಲೇನು, ಎಂದ. ಆತಲ್ಲರಿ, ನಿಮಗ ಆದ್ರ ನನಗ ಆದಂಗ, ಎಂದು ಚಹಾ ಇಡಲು ಒಳಗೆ ಹೋದಳು. ಅಷ್ಟರಲ್ಲಿ ಮೊಬೈಲು, ಮಧುಮತಿ, ಅವನು ಅವಳಿಗೆ ಮಾತಾಡಲು ಬಿಡಲೇ ಇಲ್ಲ, ಒಂಬತ್ತನೇದು ಬಂತವಾ, ಕಾಳಿನಷ್ಟು ಕಡಿಮಿ, ಎಂದ, ಅವಳು, ಅಪ್ಪಾ, ನಾಳಿನ ಆಪರೇಶನ್ನಿನ ತಾರೀಖು ಬಿಟ್ರ ಡಾಕ್ಟರ್ ಬಾಯಿ ಮತ್ತ ತಾರೀಖು ಕೊಡ್ತಾರೋ ಇಲ್ಲೋ ಗೊತ್ತಿಲ್ಲ, ಎರಡು ಸಲ ನೀ ಮುಂದ ಹಾಕಿಸೀದಿ, ನಾ ನಾಳೆ ಮುಂಜಾನಿ ಆರಕ್ಕ ಗಾಡಿ ತಗೊಂಡು ಬಂದು ಬಾಗಲದಾಗ ನಿಂದರತೇನಿ, ಅವ್ವನ ಕಳಸೂದು ಬಿಡೂದು ನಿನಗ ಬಿಟ್ಟದ್ದು. ಬಾರವಾ ಬಾ, ಬಂದು ಎಳೆ ನೋಡಿ ಚಹಾ ಕುಡಿದು ಹೋಗು, ಎಂದು ನಕ್ಕುಬಿಟ್ಟ, ಅವಳು ನಗಲಿಲ್ಲ, ಫೋನು ಇಟ್ಟಳು. ಇಡಲಿ. ಬನ್ನಿ ಹಬ್ಬದ ದಿನ ಇದೇ ಮಗಳು ಕೈಗೆ ಬನ್ನಿ ಎಲೆ ಕೊಟ್ಟು, ಬಂಗಾರದಂಗ ಇರೂಣಪಾ, ಎಂದು ಕಾಲು ಮುಟ್ಟಿದಾಗ ತಲೆಯೆತ್ತದೆ ಅಲ್ಲೇ ಒಂದು ಗಳಿಗೆ ಬಾಗಿಯೇ ಇದ್ದಳು, ಅಳುತ್ತಿದ್ದಳೇನೋ, ಹುಚ್ಚಿ, ನಾಳೆ ನಗುತ್ತಾಳೆ, ನಾಳೆ ಊರೇ — ಮತ್ತು ಇವತ್ತೇ, ಹತ್ತು ಗಂಟೆಗೆ, ರನ್ನ ಬೆಳಗಲಿಯಿಂದ ಬರುವವರಿದ್ದಾರೆ, ಹೊರಗಿನ ಮೊದಲ ರೋಗಿ, ಯಾರೋ ಹೇಳಿ ಯಾರೋ ಕೇಳಿ ಸುದ್ದಿ ಅಷ್ಟು ದೂರ ಹೋಗಿದೆ, ಬೆಂಕಿ ಬಿದ್ದ ಕಬ್ಬಿನ ಗದ್ದೆಯಂತೆ ಹೋಗುತ್ತದೆ ಸುದ್ದಿ, ಅವನು ನೀಲಿ ಬಲ್ಬು ಒರೆಸಿದ, ಹಲಗೆಯ ಮೇಲೆ ತೊಳೆದ ದುಪ್ಪಟಿ ಹಾಸಿದ, ತೆಗೆದ, ಮಡಿಕೆ ಸರಿಮಾಡಿ ಮತ್ತೆ ಹಾಸಿದ.

ಬಂದರು, ಅಣ್ಣ ತಂಗಿ, ಬಸಗೊಂಡಪ್ಪ ಕಬ್ಬಿನ ಒಕ್ಕಲಿಗ, ದೊಡ್ಡ ಆಳು, ಬಾಗಿಲಲ್ಲಿ ತಲೆ ತಗ್ಗಿಸಿ ಬಂದವನು ಒಳಗೂ ತಗ್ಗಿಸಿಕೊಂಡೇ ನಿಂತ, ತಂಗಿ ದಾನಮ್ಮನಿಗೆ ನಲವತ್ತರ ಒಳಗೇ, ಕೈಯಲ್ಲಿ ಒಂದು ಚೀಲ, ಚೀಲದಲ್ಲಿ ದವಾಖಾನೆಯ ದೊಡ್ಡ ಲಕೋಟೆಯ ತುದಿ ಕಾಣುತ್ತಿದೆ, ಅವಳಿಗೂ ಅದೇ ಜಾಗದಲ್ಲಿ ಅದೇ ರೋಗ, ಅವಳಿಗೂ ಕೊಯ್ಯಬೇಕು ಎಂದಿದ್ದಾರೆ, ಅವಳು ಒಲ್ಲೆನೆಂದು ಕುಳಿತಿದ್ದಾಳೆ. ಮಿಸ್ತ್ರಿಯವರ, ನಮ್ಮ ತಂಗಿ ನಿಮ್ಮನ್ನ ದೇವರು ಅಂತ ತಿಳಕೊಂಡು ಬಂದಾಳ್ರಿ, ಎಂದ ಬಸಗೊಂಡಪ್ಪ. ಪ್ರಭುಲಿಂಗನ ಕಿವಿ ಬಿಸಿಯಾಯಿತು, ದೇವರಲ್ರಿ, ಮಿಸ್ತ್ರಿ, ಎಂದ, ಆದರೆ ಮಾತು ಬಾಯಲ್ಲಿ ಬೆಲ್ಲದಂತೆ ನಿಂತಿತು. ತೋರಿಸಿದ, ತಂತಿ ತೋರಿಸಿದ, ಮೋಟರು ತೋರಿಸಿದ, ಕುದುರೆಯ ಕಥೆ ಹೇಳಿದ, ಕೊಡಲಿಯ ಕಥೆ ಹೇಳಿದ, ಬಸಗೊಂಡಪ್ಪ ಬಾಯಿ ತೆರೆದು ಕೇಳಿದ, ನಮ್ಮ ಎತ್ತಿಗೂ ಹಿಂಗ ಒಂದು ಗಡ್ಡಿ ಆಗಿತ್ತರಿ, ಅದು ಮಾತ್ರ ಸತ್ತಿತು, ಎಂದ, ಹೇಳಿದ ಮೇಲೆ ಹೇಳಬಾರದಿತ್ತು ಅನ್ನಿಸಿ ತಂಗಿಯ ಮುಖ ನೋಡಿದ. ಆಗ ಪ್ರಭುಲಿಂಗ ಮೊಳೆಯಿಂದ ಎಳೆಗಳನ್ನು ತಂದ, ಕಟ್ಟೆಯ ಮೇಲೆ ಕರಿ ಬಟ್ಟೆ ಹಾಸಿ ಒಂಬತ್ತನ್ನೂ ಸಾಲಾಗಿ ಮಲಗಿಸಿದ, ದೊಡ್ಡದರಿಂದ ಸಣ್ಣದಕ್ಕೆ, ದಾನಮ್ಮ ಬಾಗಿ ನೋಡಿದಳು, ನೋಡುತ್ತ ನೋಡುತ್ತ ಅವಳ ಮುಖ ಬಿಚ್ಚಿಕೊಂಡಿತು, ಅದನ್ನು ನೋಡಿ ಅವನ ಎದೆಯೂ ಬಿಚ್ಚಿಕೊಂಡಿತು, ಹೀಗೇ ಆಗಿರಬೇಕು ಆ ಎಲ್ಲರಿಗೂ, ಆ ಕಂಪನದವನಿಗೆ, ಆ ಪೆಟ್ಟಿಗೆಯವನಿಗೆ, ಎದುರಿನ ಮುಖ ಹೀಗೆ ಬಿಚ್ಚಿಕೊಂಡದ್ದನ್ನು ಒಮ್ಮೆ ನೋಡಿದವನು ಇನ್ನು ಹೇಗೆ ನಿಲ್ಲಿಸಿಯಾನು. ಇವತ್ತ ಕುಂದರಸ್ರಿ ನನ್ನ, ಎಂದಳು ದಾನಮ್ಮ, ಆ ದವಾಖಾನಿಗೆ ನಾ ಇನ್ನ ಹೋಗೂದಿಲ್ಲ. ಮೊದಲ ಎಳಿ ತಗೀಬೇಕವಾ, ಎಂದ ಅವನು, ಹಲಿಗಿ ಮ್ಯಾಲ ಕೂಡೂಕಿಂತ ಮೊದಲಿನ ಅಳತಿ, ಸುತ್ತ ಹಾಕಿ, ತುದಿ ಕೂಡಿದಲ್ಲಿ ಉಗುರಿನಿಂದ ಗುರುತು ಮಾಡಿ ಕತ್ತರಿಸಿದ್ರ ಆತು, ಎಂದು ನೂಲು ಸುತ್ತಿದ ಕೋನಿನಿಂದ ಒಂದು ಮೊಳ ದಾರ ಬಿಚ್ಚಿ ಅವಳ ಕೈಗೆ ಕೊಟ್ಟ. ಅವಳು ದಾರ ಹಿಡಿದು ನೋಡಿದಳು, ಹೊಲದ ಕೈ, ದಾರದ ಕೈಯಲ್ಲ, ಎರಡು ತುದಿ ಹಿಡಿದು ಒಮ್ಮೆ ಸಡಿಲ ಬಿಟ್ಟಳು, ಒಮ್ಮೆ ಜಗ್ಗಿದಳು, ಆಮೇಲೆ ಕೇಳಿದಳು:

“ಎಷ್ಟು ಬಿಗೀಲೆ ಜಗ್ಗಬೇಕ್ರಿ?”

ಎಷ್ಟು ಬಿಗಿಯಾಗಿ. ಮೂವತ್ತೈದು ವರ್ಷದಲ್ಲಿ ಎಷ್ಟು ಹುಡುಗರಿಗೆ ಕಲಿಸಿಲ್ಲ ಇದನ್ನು, ಬೈದು ಕಲಿಸಿಲ್ಲ, ಮಗ್ಗದ ಮೇಲಿನ ಸೀರೆ ಬಿಗಿದ ಸೀರೆ, ಅಲ್ಲಿ ಹನ್ನೆರಡು ಮೊಳ ಅಳೆದದ್ದು ಕೊಯ್ದು ಇಳಿಸಿದರೆ ಹನ್ನೊಂದೂ ಮುಕ್ಕಾಲು, ಬಿಗಿ ಬಿಟ್ಟ ಮೇಲೆ ನೂಲು ತನ್ನ ಖರೆ ಉದ್ದಕ್ಕೆ ಬರುತ್ತದೆ, ಬಿಗಿ ನೋಡದ ಅಳತಿ ಅಳತಿ ಅಲ್ಲಲೇ, ಎಂದು ಯಾರ್ಯಾರ ತಲೆಗೆ ಕುಟ್ಟಿಲ್ಲ — ಅದೇ ಬಾಯಿ ಒಂಬತ್ತು ವಾರದಲ್ಲಿ ಒಂದು ಸಲವೂ ಸೀರೆಯ ಆಚೆಗೆ ಕೇಳಲಿಲ್ಲವಲ್ಲ, ಎಷ್ಟು ಬಿಗೀಲೆ ಜಗ್ಗಿದಿಬೇ ಎಂದು. ಇಲ್ಲ, ಶಿವಗಂಗವ್ವ ನೇಕಾರರ ಮಗಳು, ಲಾಳಿಯ ಕಂಡಿಕೆಗೆ ನೂಲು ಸುತ್ತಿದ ಕೈ, ಅವಳ ಕೈಗೆ ಗೊತ್ತು, ಅವಳ ಕೈ ಒಂದೇ ಸಮ — ಗೊತ್ತು ಅವಳಿಗೆ, ಅದೇ, ಎಷ್ಟು ಬಿಗಿದರೆ ಎಷ್ಟು ಗಿಡ್ಡ ಎಂಬುದು ಅವಳಿಗೆ ಗೊತ್ತು. ಆ ಕುದುರೆಯ ಕಾಲನ್ನು ಯಾರು ಅಳೆದಿದ್ದರು? ಥಟ್ಟನೆ ಎಲ್ಲಿಂದ ಬಂತೋ ಆ ಪ್ರಶ್ನೆ, ಹೊಲದಲ್ಲಿ ಒಂಟಿ ಕುದುರೆ, ಹತ್ತಿರ ಯಾರೂ ಇಲ್ಲ, ಎಳೆ ಹಿಡಿದವರು ಯಾರೂ ಇಲ್ಲ. ತಡೀರಿ ಬಂದೆ, ಎಂದ ಬಸಗೊಂಡಪ್ಪನಿಗೆ, ಅಡುಗೆಮನೆಗೆ ಹೋದ, ಅವಳು ಚಹಾ ಸೋಸುತ್ತಿದ್ದಳು. ಬಾ ಇಲ್ಲಿ, ಎಂದ. ಅವರಿಗೆ ಚಹಾ ಕೊಟ್ಟು ಬರತೇನ್ರಿ, ಎಂದಳು. ಬಾ, ಎಂದ ಮತ್ತೆ, ಅವಳು ಅವನ ಮುಖ ನೋಡಿದಳು, ಬಟ್ಟಲು ಕೆಳಗಿಟ್ಟಳು.

ಸೀರೆಯ ಆಚೆ ಅವನು ಎಂದೂ ಹೋಗಿರಲಿಲ್ಲ, ಅವಳು ಬೇಡ ಎಂದಿದ್ದಳು, ನಾನ ಅಳೀತೇನಿ, ನೀವು ಹೊರಗ ಕುಂದರ್ರಿ, ಅವನು ಆಗಲಿ ಎಂದಿದ್ದ, ಎಷ್ಟು ಬೇಗ ಆಗಲಿ ಎಂದಿದ್ದ, ನಾಚಿಕೆ ಎಂದುಕೊಂಡಿದ್ದ, ನಾಚಿಕೆಯಲ್ಲ, ಈಗ ಗೊತ್ತಾಗುತ್ತಿದೆ, ಮುಟ್ಟಲು ಅಂಜಿಕೆ, ಮೂವತ್ತು ವರ್ಷದ ಸಂಸಾರದಲ್ಲಿ ದವಾಖಾನೆಯಿಂದ ಬಂದ ದಿನದ ನಂತರ ಆ ಎದೆಯ ಕಡೆಗೆ ಅವನು ಕಣ್ಣೆತ್ತಿರಲಿಲ್ಲ, ತಂತಿ ಸುತ್ತಿದ, ಮೋಟರು ಕೂಡಿಸಿದ, ಮುನ್ನೂರ ಅರವತ್ತು ಸುತ್ತು ಎಣಿಸಿದ, ಆದರೆ ಗಡ್ಡೆಯ ಮೇಲೆ ಒಂದು ಬೆರಳು ಇಡಲಿಲ್ಲ. ಕುಪ್ಪಸಾ ಬಿಚ್ಚು, ನಾ ಅಳೀತೇನಿ, ಎಂದ. ಅವಳು ಬಿಚ್ಚಲಿಲ್ಲ, ಹೊರಗ ಮಂದಿ ಅದಾರ, ಎಂದಳು, ನಾಳೆ ನೋಡ್ರೆಂತ, ಎಂದಳು, ಕೊನೆಗೆ ಬೆಳಕಿಂಡಿಯ ಕಡೆಗೆ ತಿರುಗಿ ಬಿಚ್ಚಿದಳು, ಬಿಸಿಲಿನ ಕೋಲು ಅವಳ ಭುಜದ ಮೇಲೆ ಬಿತ್ತು, ಅವನು ನೋಡಿದ, ಗಡ್ಡೆಯನ್ನಲ್ಲ ಮೊದಲು ನೋಡಿದ್ದು, ಅದರ ಸುತ್ತ, ಬುಡದ ಸುತ್ತ, ಚರ್ಮದಲ್ಲಿ ಕೊರೆದ ಕೆಂಪು ಗೆರೆ, ಒಂದಲ್ಲ, ಒಂದರ ಮೇಲೊಂದು, ಒಂದರ ಪಕ್ಕ ಒಂದು, ಆರು, ಏಳು, ದಾರ ಕೂತು ಕೂತು ಬಿದ್ದ ತೆಳ್ಳನೆಯ ಕೆಂಪು ಬಳೆಗಳು, ಒಂದು ಕಡೆ ಸಣ್ಣಗೆ ರಕ್ತ ಒಸರಿ ಒಣಗಿದೆ. ಇವತ್ತಿನವು. ಬಳೆ ಸಪ್ಪಳ ಬಂತು, ನಿಂತಿತು, ಮತ್ತೆ ಬಂತು — ಅಷ್ಟು ಸಲ ಜಗ್ಗಿದ್ದಾಳೆ, ಗಿಡ್ಡ ಬರಲೊಲ್ಲದು, ಮತ್ತೆ ಜಗ್ಗಿದ್ದಾಳೆ, ಹಲ್ಲು ಕಚ್ಚಿ ಜಗ್ಗಿದ್ದಾಳೆ, ತಡೀರಿ, ಅವಸರಾ ಮಾಡಿದ್ರ ಎಳಿ ಜಾರತೈತಿ. ಅವನ ಕೈಯಲ್ಲಿ ದಾರ ಇತ್ತು, ಯಾವಾಗ ತಂದನೋ, ಸುತ್ತ ಹಾಕಿದ, ಮಗ್ಗದ ಹಾಸಿನ ನೂಲು ಮುಟ್ಟಿದಂತೆ ಮೆತ್ತಗೆ, ಬಿಗಿಯೂ ಅಲ್ಲದೆ ಸಡಿಲೂ ಅಲ್ಲದೆ, ಬಲ್ಲ ಬಿಗಿ, ಬೆರಳಿಗೆ ಗಡ್ಡೆ ತಾಗಿತು, ಗಟ್ಟಿ, ಅಲ್ಲಾಡದು, ತುದಿ ಕೂಡಿದಲ್ಲಿ ಉಗುರಿನ ಗುರುತು, ಕತ್ತರಿಸುವುದು ಬೇಕಾಗಲೇ ಇಲ್ಲ, ಗೇಣು ಹಾಕಿ ನೋಡಿದ, ಒಂದು ಗೇಣಿಗೆ ಒಂದೇ ಬೆರಳು ಕಮ್ಮಿ. ಮೊದಲನೆಯದಕ್ಕಿಂತ ಮೂರು ಬೆರಳು ಉದ್ದ. ಮೂರು ಬೆರಳು, ಒಂಬತ್ತು ವಾರ, ಆ ಪೆಟ್ಟಿಗೆ ನಡುಗಿದಷ್ಟು ದಿನವೂ ಇದು ಒಳಗೆ ಕುಳಿತು ಬೆಳೆದಿದೆ, ಎರಡು ತಾರೀಖು, ಅವನೇ ಫೋನು ಮಾಡಿ ಮುಂದೆ ಹಾಕಿಸಿದ ಎರಡು ತಾರೀಖು. ಯಾಕಬೇ, ಎಂದ. ಅವಳು ಸೆರಗಿನಿಂದ ಅವನ ಕಣ್ಣು ಒರೆಸಿದಳು, ತನ್ನ ಎದೆ ಮುಚ್ಚಿಕೊಳ್ಳುವ ಮೊದಲೇ ಒರೆಸಿದಳು.

“ಮೊದಲನೇ ಸಲ ಬೇಕಂತ ಮಾಡಿದ್ದಲ್ರಿ. ಎರಡನೇ ಬುಧವಾರ ಕೈ ತಪ್ಪಿ ಸ್ವಲ್ಪ ಬಿಗಿ ಆತು. ಅದನ್ನ ನೋಡಿ ನೀವು ಅವತ್ತ ಮೂರು ರೊಟ್ಟಿ ಬೇಡಿ ತಿಂದ್ರಿ. ಮುಂದ ಸಡಲ ಬಿಡೂದು ನನ್ನ ಕೈಲೆ ಆಗಲಿಲ್ಲ.”

ಮೂರು ರೊಟ್ಟಿ, ಹೌದು, ನೆನಪಿದೆ, ಬದನೆಕಾಯಿ ಪಲ್ಯ, ಶೇಂಗಾ ಚಟ್ನಿ, ಇನ್ನೊಂದು ಹಾಕು ಎಂದಿದ್ದ, ಅವಳು ನಕ್ಕಿದ್ದಳು, ಅವಳು ನಕ್ಕದ್ದನ್ನು ಯಂತ್ರದ ಗುಣ ಎಂದು ನೋಟುಬುಕ್ಕಿನಲ್ಲಿ ಬರೆದಿದ್ದ. ನಿನಗ ಕೊಯ್ಯಸೂದು ಅಂಜಿಕಿ ಇತ್ತೇನು, ಎಂದು ಕೇಳಿದ. ಇತ್ತರಿ, ಯಾರಿಗಿರಂಗಿಲ್ಲ, ಆದರ ಹೋಗತಿದ್ದೆ, ನೀವು ನಡಿ ಅಂದಿದ್ರ ಪಂಚಮಿ ಉಂಡಿ ಡಬ್ಬಿ ಕಟ್ಟಿಕೊಂಡು ಹೋಗತಿದ್ದೆ, ಎಂದಳು, ಎಷ್ಟು ಸಲೀಸಾಗಿ ಎಂದಳು, ಬಾಗಿಲು ಯಾವತ್ತೂ ತೆರೆದೇ ಇತ್ತು, ಅವನೇ ಅಡ್ಡ ನಿಂತಿದ್ದ, ಪೆಟ್ಟಿಗೆ ಹಿಡಿದು ನಿಂತಿದ್ದ. ಈಗರ ಹೋಗೂಣು, ಎಂದ, ನಾಳೆ ಆರಕ್ಕ. ಹೋಗೂಣ್ರಿ, ಎಂದಳು, ನಿಮಗ ರೊಟ್ಟಿ ಯಾರು ಬಡಿತಾರ ಅಷ್ಟು ದಿನಾ, ಎಂದಳು. ಅವನು ಅವಳ ಗುಂಡಿ ಹಾಕಲು ಹೋದ, ಮೂವತ್ತೈದು ವರ್ಷ ನಟ್ಟು ಬೋಲ್ಟು ಹಾಕಿದ ಬೆರಳಿಗೆ ಕುಪ್ಪಸದ ಗುಂಡಿ ಸಿಗಲೊಲ್ಲದು, ಸರೀರಿ ಅತ್ತ, ಎಂದು ಅವಳೇ ಹಾಕಿಕೊಂಡಳು, ಗೆರೆಗಳು ಮುಚ್ಚಿದವು, ಅವನ ಕಣ್ಣೊಳಗೆ ಮುಚ್ಚಲಿಲ್ಲ.

ಹೊರಗೆ ಬಂದ. ಹೊರಗೆ ಅವರಿದ್ದಾರೆ, ಮರೆತೇ ಹೋಗಿತ್ತು, ನಂಬಿ ಬಂದವರು, ಎರಡು ಬಸ್ಸು ಬದಲಿಸಿ ಬಂದವರು, ಈಗ ಏನು ಹೇಳುವುದು, ಇವತ್ತು ಯಂತ್ರ ಕೆಟ್ಟಿದೆ, ಮುಂದಿನ ವಾರ ಬರ್ರಿ ಎನ್ನಬಹುದು, ಮುಖ ಉಳಿಯುತ್ತದೆ, ವೀರಣ್ಣನಿಗೂ ಗೊತ್ತಾಗುವುದಿಲ್ಲ, ಇವಳು ಒಂದು ವಾರ ಕಾಯುತ್ತಾಳೆ, ಮತ್ತೊಂದು ವಾರ ಕಾಯುತ್ತಾಳೆ, ಅವಳದೂ ಮೂರು ಬೆರಳು — ಬಸಗೊಂಡಪ್ಪ ಎದ್ದು ನಿಂತ, ತಯಾರ ಆತೇನ್ರಿ ಮಿಸ್ತ್ರಿಯವರ, ಎಂದ. ಪ್ರಭುಲಿಂಗ ಕಟ್ಟೆಯ ಮೇಲಿನ ಒಂಬತ್ತೂ ಎಳೆಗಳನ್ನು ಒಂದು ಮುಷ್ಟಿಯಲ್ಲಿ ಮುದುಡಿ ಹಿಡಿದ.

“ಇದರಾಗ ಏನೂ ಇಲ್ರಿ ಗೌಡ್ರ. ನನ್ನ ಅಳತಿ ತಪ್ಪಿತ್ತು. ನನ್ನ ಹೆಂಡತೀಗೆ ಗಡ್ಡಿ ಇಳದಿಲ್ಲ, ಬೆಳದೈತಿ. ನಾಳೆ ಮುಂಜಾನಿ ನನ್ನ ಮಗಳ ಗಾಡಿ ಬೆಳಗಾವಿಗೆ ಹೊಂಟೈತಿ, ಹಿಂದ ಇಬ್ಬರಿಗೆ ಜಾಗಾ ಐತಿ.”

ಹೇಳಿದ್ದು ತಾನೇ ಎಂದು ಕಿವಿಗೆ ನಂಬಿಕೆಯಾಗಲಿಲ್ಲ, ಇಷ್ಟೇನಾ, ಇಷ್ಟೇ ಮಾತು, ಆ ನೋಟುಬುಕ್ಕಿನಲ್ಲಿ ಒಬ್ಬನಾದರೂ ಇದನ್ನು ಹೇಳಿದ್ದನೇ, ಬಸಗೊಂಡಪ್ಪ ಸಿಟ್ಟಾಗುತ್ತಾನೆ, ಆಗಲಿ, ಬೈಯುತ್ತಾನೆ, ಬೈಯಲಿ, ಬಸಗೊಂಡಪ್ಪ ಬೈಯಲಿಲ್ಲ, ತಂಗಿಯ ಕಡೆ ತಿರುಗಿದ, ಪ್ರಭುಲಿಂಗನೂ ತಿರುಗಿದ, ದಾನಮ್ಮ ಕಟ್ಟೆಯ ತುದಿಯಲ್ಲಿ ಕುಳಿತಿದ್ದಾಳೆ, ಅವನು ಹೇಳಿದ್ದು ಅವಳಿಗೆ ಕೇಳಿಸಿದೆಯೋ ಇಲ್ಲವೋ, ಅವನು ಕೊಟ್ಟ ಒಂದು ಮೊಳ ದಾರವನ್ನು ಎಡಗೈಯ ಹೆಬ್ಬೆರಳಿಗೆ ಸುತ್ತಿದ್ದಾಳೆ, ಕಲಿಯುತ್ತಿದ್ದಾಳೆ, ಒಂದು ತುದಿ ಬಲಗೈಯಲ್ಲಿ, ಇನ್ನೊಂದು ತುದಿ ಹಲ್ಲಿನಲ್ಲಿ, ಜಗ್ಗುತ್ತಿದ್ದಾಳೆ, ಬಿಡ್ರಿ ತಂಗಿ ಅದನ್ನ, ಎಂದ, ಎಂದನೋ ಎಂದುಕೊಂಡನೋ, ಅವಳು ಇನ್ನೂ ಜಗ್ಗಿದಳು, ಉಗುರು ಬೆಳ್ಳಗಾಯಿತು, ಕಡುಗೆಂಪಾಯಿತು, ನಾಳೆ ಆರು ಗಂಟೆ, ಮೂರು ಬೆರಳು, ಎಲ್ಲ ಎಲ್ಲೋ ಹಿಂದಕ್ಕೆ ಸರಿಯಿತು, ಬೆರಳು, ಬೆರಳಿನ ಸುತ್ತ ದಾರ, ದಾರದ ಕೆಳಗೆ ಚರ್ಮದೊಳಗೆ ಇಳಿಯುತ್ತಿರುವ ಗೆರೆ, ಕೆಂಪು, ಆಗಲೇ ಸೀರೆಯ ಆಚೆ ಕಂಡ ಅದೇ ಗೆರೆ.